ಹಲ್ಲು ಬರುವವರೆಗೆ

೧೯೫೮ ಅಕ್ಟೋಬರ್ ೩, ಶುಕ್ರವಾರ. ಬೆಳುವಾಯಿ

ಸೇಸಮ್ಮ ನಮ್ಮ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡಳು. ಈ ಊರಿನ ಅರ್ಧ ಜನರಿಗೆ ಎಳೆಯ ಕೂಸಾಗಿದ್ದಾಗ ಎಣ್ಣೆ ತಿಕ್ಕಿ ಮೀಯಿಸಿದ ಕೈ ಅದು. ಶಶಿಯ ಮಗುವಿಗೆ ಇವತ್ತಿಗೆ ಹನ್ನೊಂದು ದಿನ. ನಾಳೆಯಿಂದ ಅದನ್ನು ಮೀಯಿಸುವವರು ಯಾರು? ಅಮ್ಮ ನೆಲದಲ್ಲಿ ಕುಳಿತರೆ ಏಳಿಸಲಿಕ್ಕೆ ಇಬ್ಬರು ಬೇಕು.

"ನಾನು ಮಾಡ್ತೇನೆ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಶಶಿ ನೋಡಿದ ನೋಟ ಉಂಟಲ್ಲ, ಉರಿಯುವ ದೀಪದ ಗಾಜಿನ ಚಿಮಿಣಿಯನ್ನು ಯಾರೋ ಒದ್ದೆ ಕೈಯಲ್ಲಿ ಮುಟ್ಟಲು ಹೊರಟ ಹಾಗೆ. ಆ ನೋಟಕ್ಕಾಗಿಯೇ ಇನ್ನೊಮ್ಮೆ ಹೇಳಿದೆ, ನಾನೇ ಮಾಡ್ತೇನೆ ಎಂದು.

ಮಗುವಿನ ಮೇಲೆ ಪ್ರೀತಿ ಉಕ್ಕಿ ಹೇಳಿದ್ದಲ್ಲ. ನಾನು ಶಶಿಯ ಅಕ್ಕ. ಒಂಬತ್ತು ವರ್ಷ ಬೆಳ್ತಂಗಡಿಯಲ್ಲಿ ಗಂಡನ ಮನೆಯಲ್ಲಿದ್ದು ಬರಿಮಡಿಲಲ್ಲಿ ಹಿಂದೆ ಬಂದವಳು. ನಮ್ಮಲ್ಲಿ ಸಂತಾನ ನಡೆಯುವುದು ಹೆಣ್ಣಿನಿಂದ. ಶಶಿಗೆ ಹೆಣ್ಣು ಹುಟ್ಟಿತು ಎಂದಾಗ ಮನೆಯ ಯಜಮಾನರಾದ ಸಂಕಪ್ಪ ಮಾವ ಅಂಗಳದಲ್ಲಿ ನಿಂತು "ಮನೆ ಉಳಿಯಿತು" ಎಂದರು, ಬಂದವರಿಗೆಲ್ಲ ಬೆಲ್ಲ ಹಂಚಿಸಿದರು. ಆ ಮಾತನ್ನು ಅವರಿಂದ ಮೊದಲು ಹೇಳಿಸಬೇಕಾಗಿದ್ದವಳು ನಾನು. ನಾನೂ ಒಂದು ತುಂಡು ಬೆಲ್ಲ ತಿಂದೆ.

ಅಕ್ಟೋಬರ್ ೪, ಶನಿವಾರ

ಸೇಸಮ್ಮ ಕೈಗೆ ಸೊಪ್ಪಿನ ಪಟ್ಟಿ ಕಟ್ಟಿಕೊಂಡು ಬಚ್ಚಲ ಹೊಸ್ತಿಲಲ್ಲಿ ಕುಳಿತು ಯಜಮಾನಿಕೆ ಮಾಡಿದಳು. ಗಿಡ್ಡ ಮಣೆಯ ಮೇಲೆ ಕುಳಿತು ಕಾಲು ಎರಡನ್ನೂ ಮುಂದೆ ಚಾಚಬೇಕಂತೆ. ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಬೇಕು, ಅದರ ತಲೆ ನಮ್ಮ ಪಾದದ ಕಡೆಗೆ.

"ಹಾಲು ಕುಡಿದು ಎಷ್ಟು ಹೊತ್ತಾಯ್ತು?" ಕೇಳಿದಳು.

"ಈಗ ಕುಡಿದದ್ದು."

"ಹಾಗಾದ್ರೆ ಏಳಿ ಕುಸುಮಕ್ಕ. ಒಂದು ಗಂಟೆ ಹೋಗಲಿ. ಹೊಟ್ಟೆ ತುಂಬಿದ ಬಾಲೆಯನ್ನು ತಿಕ್ಕಿದರೆ ಕಕ್ತದೆ."

ಎದ್ದೆ. ಗಂಟೆ ಬಿಟ್ಟು ಮತ್ತೆ ಕುಳಿತೆ. ತೆಂಗಿನೆಣ್ಣೆ ಬೆಚ್ಚಗಾಗಬೇಕು, ಬಿಸಿಯಾಗಬಾರದು. ಒಂದು ಹನಿ ಮಣಿಕಟ್ಟಿನ ಒಳಗೆ ಬಿಟ್ಟು ನೋಡಬೇಕು. ಮಗುವಿನ ಮೈಗೆ ಎಣ್ಣೆ ಹೊಯ್ಯುವುದಲ್ಲ, ಮೊದಲು ನಮ್ಮ ಅಂಗೈಗೆ. ಅಂಗೈ ಉಜ್ಜಿ ಉಜ್ಜಿ ಬೆಚ್ಚಗಾದ ಮೇಲೆ ಪಾದದಿಂದ ಶುರು. ನಾನು ಪಾದ ಹಿಡಿದದ್ದೇ ತಡ, ಅದು ಹಂಚು ಹಾರುವಷ್ಟು ಕಿರುಚಿತು.

"ಅಕ್ಕ, ಮೆಲ್ಲ" ಎಂದು ಕೋಣೆಯಿಂದ ಶಶಿಯ ಸ್ವರ. ಕಣ್ಣಿಗೆ ಕಾಣದ್ದನ್ನೂ ತಿದ್ದುವ ಬುದ್ಧಿ ಅವಳಿಗೆ ಹುಟ್ಟಿನಿಂದ ಬಂದದ್ದು.

"ಕೈಯ ಹೆದರಿಕೆ ಬಾಲೆಗೆ ಗೊತ್ತಾಗ್ತದೆ" ಎಂದಳು ಸೇಸಮ್ಮ. "ಸಿಟ್ಟು ಕೂಡ ಗೊತ್ತಾಗ್ತದೆ."

ನನಗೆ ಎಂತ ಸಿಟ್ಟು ಎಂದೆ. ಅಷ್ಟರಲ್ಲಿ ಅದು ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಿತು.

ಅಕ್ಟೋಬರ್ ೯, ಗುರುವಾರ

ಕೈ ಕುದುರಿದೆ. ಪಾದದಿಂದ ತೊಡೆಗೆ ಮೇಲ್ಮುಖವಾಗಿ ಉದ್ದಕ್ಕೆ ಎಳೆಯುವುದು. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ಹಾಗೆ ಸುತ್ತು, ಹೊಕ್ಕುಳು ಇನ್ನೂ ಹಸಿಯಾಗಿರುವುದರಿಂದ ಅದರ ಹತ್ತಿರ ಹೋಗದೆ. ಎದೆಯ ನಡುವಿನಿಂದ ಎರಡೂ ಪಕ್ಕಕ್ಕೆ, ಪುಸ್ತಕದ ಹಾಳೆ ಸರಿಮಾಡುವ ಹಾಗೆ. ಮುಷ್ಟಿ ಬಿಡಿಸಿ ಒಂದೊಂದೇ ಬೆರಳು. ಆಮೇಲೆ ಕವುಚಿ ಹಾಕಿ ಬೆನ್ನು, ಬೆನ್ನುಮೂಳೆಯ ಮೇಲೆ ಅಲ್ಲ, ಅದರ ಆಚೆ ಈಚೆ. ನೆತ್ತಿ ಇನ್ನೂ ಮಿಡಿಯುತ್ತಿದೆ, ಅಲ್ಲಿ ಒತ್ತುವಂತಿಲ್ಲ, ಎಣ್ಣೆ ಸುಮ್ಮನೆ ಇಡುವುದು.

ಸಂಜೆ ಹೊತ್ತು ಕಾಲು ಮಡಚಿ ಹೊಟ್ಟೆನೋವಿಗೆ ಅಳುತ್ತಿದ್ದದ್ದು ನಿಂತಿದೆ. ಹೊಟ್ಟೆ ತಿಕ್ಕಿ ಮೊಣಕಾಲನ್ನು ಹೊಟ್ಟೆಗೆ ಮಡಚಿದರೆ ಗಾಳಿ ಹೋಗುತ್ತದೆ, ಸಂಕಪ್ಪ ಮಾವನಿಗಿಂತ ಜೋರಾಗಿ. ಮಿಂದು, ಧೂಪದ ಹೊಗೆ ಹಿಡಿಸಿಕೊಂಡು, ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಲಗಿದರೆ ಮೂರೂವರೆ ಗಂಟೆ ಏಳುವುದಿಲ್ಲ.

ಇವತ್ತು ಶಶಿ ಎತ್ತಿಕೊಂಡಾಗ ಕೂಸು ಅತ್ತಿತು. ನಾನು ತೆಗೆದುಕೊಂಡೆ, ಸುಮ್ಮನಾಯಿತು. ಶಶಿಯ ಮುಖ ಸಣ್ಣದಾಯಿತು. ನನಗೆ ಖುಷಿಯಾಯಿತು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಅಕ್ಟೋಬರ್ ೧೫, ಬುಧವಾರ

ಮೂಡುಬಿದಿರೆಯಿಂದ ಬಿಳಿ ಸೀರೆಯ ನರ್ಸಮ್ಮ ಬಂದಿದ್ದರು. ಕೂಸಿನ ಕಾಲು ಎಳೆದು ನೋಡಿದರು, ತೊಡೆಯ ಮಡಿಕೆ ನೋಡಿದರು. ಯಾರು ಎಣ್ಣೆ ಹಚ್ಚುವುದು ಎಂದು ಕೇಳಿದರು. ನಾನು ಎಂದಾಗ "ಒಳ್ಳೆಯ ಕೈ" ಎಂದರು. ನನಗೆ ಇಷ್ಟು ವರ್ಷಗಳಲ್ಲಿ ಯಾರೂ ಹೇಳದ ಮಾತು. ಕಿವಿಗೆ, ಮೂಗಿಗೆ ಎಣ್ಣೆ ಬಿಡಬೇಡಿ, ಜ್ವರ ಇದ್ದ ದಿನ ಬೇಡ, ಅತ್ತರೆ ಹಟ ಮಾಡಿ ತಿಕ್ಕಬೇಡಿ ಎಂದರು. ಸೇಸಮ್ಮ ಕಿವಿಗೆ ಎರಡೆರಡು ಹನಿ ಬಿಡುವವಳು, ಮೂಗು ಮುರಿದಳು.

ಅಷ್ಟಕ್ಕೆ ಹೋಗಬಾರದಿತ್ತೇ? ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು. "ಇದನ್ನು ತಾಯಿ ಕಲಿಯಬೇಕು. ಮೈ ಮುಟ್ಟಿಯೇ ಮಗುವಿಗೆ ತಾಯಿಯ ಗುರುತು ಆಗುವುದು."

ಅವರು ಗೇಟು ದಾಟುವ ಮೊದಲೇ ಶಶಿ, "ಅಕ್ಕ, ನಾಳೆ ನಾನು ಕೂತುಕೊಳ್ತೇನೆ, ಕಲಿಸು" ಎಂದಳು.

ಅವಳಿಗೆ ಹೈಸ್ಕೂಲು ಸಿಕ್ಕಿತು, ನನ್ನನ್ನು ಎಂಟನೆಗೆ ನಿಲ್ಲಿಸಿದರು. ಅವಳಿಗೆ ಬಂಟ್ವಾಳದಲ್ಲಿ ಮಾಷ್ಟ್ರಾಗಿರುವ ರಮಾನಾಥ, ನನಗೆ ಬೆಳ್ತಂಗಡಿಯ ಆ ಮನುಷ್ಯ. ಈಗ ದಿನಕ್ಕೆ ಒಂದು ಗಂಟೆ ನನ್ನ ಕಾಲ ಮೇಲೆ ಮಲಗುವ ಕೂಸೂ ಅವಳಿಗೇ ಬೇಕು. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

"ನಮ್ಮ ಮನೆಯಲ್ಲಿ ಹೆತ್ತವಳು ಕೂಸಿಗೆ ಎಣ್ಣೆ ಮುಟ್ಟಿಸುವ ಕ್ರಮ ಇಲ್ಲ. ಹೆತ್ತ ಕೈಯ ಬಿಸಿ ಎಲುಬಿಗೆ ಏರ್ತದೆ. ಅಜ್ಜಿ ಹೇಳ್ತಿದ್ದರು."

"ಎಷ್ಟು ದಿನ?"

"ಹಲ್ಲು ಬರುವವರೆಗೆ."

ಅಜ್ಜಿ ಹಾಗೆ ಹೇಳಿದ್ದೇ ಇಲ್ಲ. ಅಮ್ಮ ಈಗ ಬಯ್ಯುತ್ತಾರೆ ಎಂದು ಕಾದೆ. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

"ಹೌದು, ಹೇಳ್ತಿದ್ದರು" ಎಂದರು. "ನನ್ನನ್ನೂ ಮುಟ್ಟಲಿಕ್ಕೆ ಬಿಟ್ಟಿರಲಿಲ್ಲ."

ಅಕ್ಟೋಬರ್ ೧೬, ಗುರುವಾರ

ಅಮ್ಮ ಈ ಕ್ರಮವನ್ನು ಸೇಸಮ್ಮನಿಗೂ ಹೇಳಿದರು. ದೊಡ್ಡ ಮನೆಗಳಲ್ಲೆಲ್ಲ ಹಾಗೆಯೇ, ತನಗೆ ಮೊದಲೇ ಗೊತ್ತುಂಟು ಎಂದಳು ಸೇಸಮ್ಮ.

ನವೆಂಬರ್ ೧, ಶನಿವಾರ

ನಲವತ್ತು ದಿನ ತುಂಬಿತು. ಕಾಂತಿ ಎಂದು ಹೆಸರಿಟ್ಟರು. ನೆಂಟರಿಗೆಲ್ಲ ಎತ್ತಿಕೊಳ್ಳುವ ಆಸೆ, ಅವಳೋ ಯಾರ ಕೈಯಲ್ಲೂ ನಿಲ್ಲಲಿಲ್ಲ. ಕೊನೆಗೆ ತಿರುಗಿ ತಿರುಗಿ ನನ್ನ ಹತ್ತಿರವೇ ಬಂದಳು. "ದೊಡ್ಡಮ್ಮನೇ ಬೇಕು ಇವಳಿಗೆ" ಎಂದರು ಯಾರೋ. ಶಶಿ ಜರಿ ಸೀರೆ ಉಟ್ಟು ಚಾಪೆಯ ಮೇಲೆ ಸುಮ್ಮನೆ ಕುಳಿತಿದ್ದಳು. ನಾನು ಉಟ್ಟದ್ದು ಹಳೆಯ ಕೈಮಗ್ಗದ್ದು, ಎಣ್ಣೆ ಕಲೆ ಇದ್ದದ್ದು. ಅದನ್ನೇ ಬೇಕೆಂದು ಉಟ್ಟಿದ್ದೆ.

ನವೆಂಬರ್ ೨೩, ಭಾನುವಾರ

ನನ್ನ ಕೂಸು ಇವತ್ತು ಸ್ವರ ಎತ್ತಿ ನಕ್ಕಿತು. ಎಣ್ಣೆ ಉಜ್ಜುವ ಶಬ್ದ ಕೇಳಿದರೆ ಸಾಕು, ಕಾಲು ಬಡಿಯಲಿಕ್ಕೆ ಶುರು. ಅಂಗೈಯನ್ನು ಅವಳ ಕಣ್ಣಿನ ಮುಂದೆ ಹಿಡಿದು "ತಿಕ್ಕುವನಾ?" ಎಂದು ಕೇಳದೆ ನಾನು ಮುಟ್ಟುವುದಿಲ್ಲ. ಕೇಳಿದೆ, ನಕ್ಕಳು.

ಶಶಿ ಟುವಾಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೊಸ್ತಿಲಿನಿಂದ ಈಚೆಗೆ ಬರುವುದಿಲ್ಲ ಅವಳು, ಓದಿದವಳಾದರೂ ಕ್ರಮ ಎಂದರೆ ಹೆದರಿಕೆ.

"ನನ್ನನ್ನು ನೋಡಿ ಒಮ್ಮೆಯೂ ನಗಲಿಲ್ಲ ಅಕ್ಕ" ಎಂದಳು.

"ನಗ್ತಾಳೆ, ಸಮಯ ಉಂಟು" ಎಂದೆ. ಎಷ್ಟು ದೊಡ್ಡ ಮನಸ್ಸು ನನ್ನದು.

ಸೇಸಮ್ಮನ ಕೈ ವಾಸಿಯಾಗಿದೆ. ಇಲ್ಲಿನ ಕೆಲಸ ಅವಳು ಕೇಳಲಿಲ್ಲ, ನಾನೂ ಕೊಡಲಿಲ್ಲ. ಶಿರ್ತಾಡಿಯಲ್ಲಿ ಪದ್ಮಾಕ್ಷಿ ಎಂಬ ಬಾಣಂತಿಯನ್ನು ನೋಡಿ ಬಂದಳಂತೆ. ಆ ಹುಡುಗಿ ಮಗುವಿಗೆ ತಾನೇ ಎಣ್ಣೆ ಹಚ್ಚುತ್ತಿದ್ದದ್ದನ್ನು ಕಂಡು, ನಮ್ಮ ಮನೆಯ ಕ್ರಮ ಹೇಳಿ ಬಿಡಿಸಿ ಬಂದಳಂತೆ. ಮನೆಯಲ್ಲಿ ಬೇರೆ ಹೆಂಗಸರು ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ, ಪಾಪ ಎಂದಳು.

ಶಿರ್ತಾಡಿಯವರ ವಿಚಾರ ನನಗೆ ಯಾಕೆ?

ಡಿಸೆಂಬರ್ ೨೨, ಸೋಮವಾರ

ರಮಾನಾಥ ಮಾಷ್ಟ್ರು ಬಂದು ಕರೆದುಕೊಂಡು ಹೋದರು. ಬೆಳಗ್ಗೆ ಹೆಚ್ಚು ಹೊತ್ತು ತಿಕ್ಕಿದೆ. ಹೆಸರುಹಿಟ್ಟು ಹಚ್ಚಿ ಮೀಯಿಸಿದೆ, ಕಂಕುಳು, ಕುತ್ತಿಗೆಯ ಮಡಿಕೆ ಎಲ್ಲ ಒರೆಸಿದೆ. ಬಂಟ್ವಾಳದಲ್ಲಿ ಆಸ್ಯಮ್ಮ ಎಂಬ ಹೆಂಗಸು ಸಿಕ್ಕಿದ್ದಾಳೆ, ದಿನಾ ಬಂದು ಎಣ್ಣೆ ಹಚ್ಚುತ್ತಾಳೆ ಎಂದರು ಮಾಷ್ಟ್ರು. ಅವಳ ಕೈ ಹೇಗೆ ಎಂದು ಕೇಳಿದೆ. ಕೈಗೆ ಏನು ಅತ್ತಿಗೆ, ಎಲ್ಲರದ್ದೂ ಕೈಯೇ ಎಂದು ನಕ್ಕರು.

ಬಸ್ಸು ಹೊರಡುವಾಗ ಕಾಂತಿ ಮಲಗಿದ್ದಳು. ಒಳ್ಳೆಯದಾಯಿತು.

ಡಿಸೆಂಬರ್ ೨೩, ಮಂಗಳವಾರ

ಬೆಳಗ್ಗೆ ಎಣ್ಣೆ ಬೆಚ್ಚಗೆ ಮಾಡಿದೆ. ಆಮೇಲೆ ನೆನಪಾಯಿತು. ಅಮ್ಮನ ಮೊಣಕಾಲಿಗೆ ಹಚ್ಚಿದೆ.

೧೯೫೯ ಜನವರಿ ೮, ಗುರುವಾರ

ಶಶಿಯ ಕಾಗದ ಬಂತು. ಆಸ್ಯಮ್ಮನನ್ನು ಕಂಡರೆ ಕಾಂತಿ ಉಸಿರು ಕಟ್ಟುವ ಹಾಗೆ ಅಳುತ್ತಾಳಂತೆ. ಆಸ್ಯಮ್ಮ ಒಳ್ಳೆಯವಳೇ, ತಿಕ್ಕುವುದೂ ಮೆಲ್ಲವೇ, ಆದರೂ ನಾಲ್ಕು ದಿನಕ್ಕೆ ಬಿಡಬೇಕಾಯಿತಂತೆ. ಈಗ ಬರಿಯ ನೀರು ಹೊಯ್ದು ಒರೆಸುವುದು. ಮೊಣಕೈ ಹತ್ತಿರ ಚರ್ಮ ಒಡೆದಿದೆ, ಹಗಲು ಅರ್ಧ ಗಂಟೆ ಮಲಗಿದರೆ ಹೆಚ್ಚು. "ನಾನು ಹಚ್ಚಬಾರದು ಅಂತ ಗೊತ್ತಿದ್ದೂ ಒಂದು ದಿನ ಎಣ್ಣೆ ಕೈಗೆ ಹಾಕಿಕೊಂಡೆ. ಹೆದರಿಕೆಯಾಗಿ ತೊಳೆದೆ. ಅಕ್ಕ, ನೀನು ಬಾ. ಹಲ್ಲು ಬರುವವರೆಗೆ ಇಲ್ಲಿಯೇ ಇರು. ಇವರೂ ಹಾಗೇ ಹೇಳ್ತಾರೆ."

ಕಾಗದವನ್ನು ಮೂರು ಸಲ ಓದಿದೆ. ಅಂದರೆ ನನ್ನನ್ನು ಬಿಟ್ಟರೆ ಆಗುವುದಿಲ್ಲ. ಅವಳ ಗಂಡನ ಮನೆಗೆ ನನ್ನನ್ನು ಕಾಗದ ಹಾಕಿ ಕರೆಸಿಕೊಳ್ಳುವ ಕಾಲ ಬಂತು. ಸೋಮವಾರದ ಬಸ್ಸಿಗೆ ಹೊರಡುವುದೆಂದು ಪೆಟ್ಟಿಗೆ ಕಟ್ಟಿದೆ.

ಚರ್ಮ ಒಡೆದದ್ದು ಎಡ ಮೊಣಕೈಯೋ ಬಲವೋ, ಬರೆಯಲಿಲ್ಲ.

ಜನವರಿ ೧೨, ಸೋಮವಾರ. ಬಂಟ್ವಾಳ

ಮಧ್ಯಾಹ್ನ ತಲುಪಿದೆ. ಪೇಟೆಯಿಂದ ಒಳಗೆ ಎರಡು ಕೋಣೆಯ ಬಾಡಿಗೆ ಮನೆ. ಹಿಂದೆ ಬಾವಿ, ಬಾವಿಗೆ ತಾಗಿ ತಗಡು ಹೊದೆಸಿದ ಬಚ್ಚಲು. ಶಶಿ ಕಾಂತಿಯನ್ನು ಹೆಗಲಲ್ಲಿ ಹಾಕಿಕೊಂಡು ಬಾಗಿಲು ತೆಗೆದಳು. ತಲೆ ಬಾಚಿರಲಿಲ್ಲ. ಕಾಂತಿ ನನ್ನನ್ನು ನೋಡಿದಳು, ಒಂದು ಗಳಿಗೆ ಯೋಚಿಸಿದ ಹಾಗೆ ಮಾಡಿ ಇಡೀ ಮೈಯನ್ನು ನನ್ನ ಕಡೆಗೆ ಎಸೆದಳು. ಎರಡು ಕೈಯಲ್ಲಿ ಹಿಡಿದೆ. ಇಷ್ಟು ದಿನ ದಾರಿ ಕಾದದ್ದು ಇದಕ್ಕೇ ಅಲ್ಲವೇ?

ಆಗ ಶಶಿಯ ಮುಖ ನೋಡಿದೆ. ನಗಲು ನೋಡುತ್ತಿದ್ದಳು. ತುಟಿ ಮಾತ್ರ ಹೋಯಿತು, ಕಣ್ಣು ಹೋಗಲಿಲ್ಲ. ಆ ಮುಖ ನನಗೆ ಗೊತ್ತುಂಟು. ಅವಳ ಮದುವೆಯ ದಿನ, ಅವಳು ಬಸುರಿ ಎಂಬ ಸುದ್ದಿ ಬಂದ ದಿನ, ಅಂಗಳದಲ್ಲಿ ಬೆಲ್ಲ ಹಂಚಿದ ದಿನ ನಾನು ಹಾಕಿಕೊಂಡಿದ್ದ ಮುಖವೇ ಅದು. ಶಶಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಸಣ್ಣವಳಿದ್ದಾಗಿನಿಂದ ಒಮ್ಮೆಯಾದರೂ ಅದನ್ನು ಕಾಣಬೇಕೆಂದು ಎಷ್ಟು ಆಸೆಪಟ್ಟಿದ್ದೆ.

"ಊಟ ಮಾಡುವ ಅಕ್ಕ, ದಣಿದು ಬಂದಿದ್ದಿ" ಎಂದಳು.

ಒಳ್ಳೆಯ ಸಾರು ಮಾಡಿದ್ದಳು. ನನಗೆ ಇಳಿಯಲಿಲ್ಲ. ಬಸ್ಸಿನ ಪ್ರಯಾಣ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಜನವರಿ ೧೩, ಮಂಗಳವಾರ

ಎಡ ಮೊಣಕೈ. ಎಣ್ಣೆ ಹಚ್ಚಿ ಮೀಯಿಸಿದೆ. ಮೂರು ಗಂಟೆ ಮಲಗಿದಳು. ಅಷ್ಟೂ ಹೊತ್ತು ಶಶಿ ತೊಟ್ಟಿಲ ಪಕ್ಕ ಕುಳಿತು ಮಗಳ ಕಾಲನ್ನು ಮೂಸಿ ನೋಡುತ್ತಿದ್ದಳು. ನಾನು ಬಂದದ್ದು ಕಂಡು ಎದ್ದು ಪಾತ್ರೆ ತೊಳೆಯಲು ಹೋದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಜನವರಿ ೧೫, ಗುರುವಾರ

ಹೇಳಿದೆ.

ಮಾಷ್ಟ್ರು ಶಾಲೆಗೆ ಹೋದ ಮೇಲೆ. ಶಶಿ ಅಕ್ಕಿ ಆರಿಸುತ್ತಿದ್ದಳು. ಹಲ್ಲು ಬರುವವರೆಗೆ ಎಂದದ್ದು ಅಜ್ಜಿ ಅಲ್ಲ, ನಾನು ಎಂದೆ. ಅವಳಿಗೆ ಅರ್ಥವಾಗಲಿಲ್ಲ.

"ಅಮ್ಮನೂ ಹೇಳಿದರಲ್ಲ?"

"ನನ್ನ ಬಾಯಿಂದ ಕೇಳಿದ ಮೇಲೆ ಅಮ್ಮನಿಗೆ ನೆನಪಾದದ್ದು. ಅಂಥ ಕ್ರಮ ಇಲ್ಲ ಶಶಿ. ನಾನೇ ಮಾಡಿದ್ದು."

"ಯಾಕೆ?"

ಯಾಕೆ ಎಂದು ಅವಳಿಗೆ ಗೊತ್ತಿಲ್ಲವೆಂದು ನನಗೆ ಇವತ್ತು ಗೊತ್ತಾಯಿತು. ನನ್ನ ಹೊಟ್ಟೆಯೊಳಗೆ ಇಷ್ಟು ವರ್ಷ ಉರಿದದ್ದು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. "ನಿನ್ನದು ಒಂದಾದರೂ ನನಗೆ ಇರಲಿ ಅಂತ" ಎಂದೆ.

ಶಶಿ ಗೆರಸೆಯನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಸ್ವರ ಏರಿಸದೆ ಹೇಳಿದಳು. "ನನ್ನ ಕೈಯಲ್ಲಿ ಏನೋ ದೋಷ ಉಂಟು ಅಂತ ತಿಳಿದುಕೊಂಡಿದ್ದೆ. ಹಾಲು ಕೊಡುವಾಗಲೂ ಅಂಗೈ ತಾಗದ ಹಾಗೆ ಬಟ್ಟೆ ಇಟ್ಟುಕೊಂಡು ಎತ್ತಿಕೊಳ್ತಿದ್ದೆ. ಮೂರು ತಿಂಗಳು. ಅದನ್ನು ನೀನು ಹಿಂದೆ ಕೊಡ್ತೀಯಾ?"

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳಿದ ಅಕ್ಕಿ ನಾನು ಆರಿಸಿದೆ.

ಜನವರಿ ೧೬, ಶುಕ್ರವಾರ

ಬೆಳಗ್ಗೆ ಶಶಿ ತಾನಾಗಿ ಮಣೆ ತಂದು ನನ್ನ ಮುಂದೆ ಹಾಕಿದಳು. "ತೋರಿಸು" ಎಂದಳು. ಅಕ್ಕ ಎನ್ನಲಿಲ್ಲ.

ಕೂಸು ಮಲಗಿದ್ದಾಗ ದಿಂಬಿನ ಮೇಲೆ ತೋರಿಸಿದೆ. ಬೆನ್ನಿಗೆ ಗೋಡೆ ಇರಲಿ, ಹೆತ್ತ ಸೊಂಟ ಇನ್ನೂ ಗಟ್ಟಿಯಾಗಲಿಲ್ಲ ನಿನ್ನದು ಎಂದೆ. ಮೊದಲು ಅಂಗೈ ತೋರಿಸಿ ಕೇಳು. ಒಂದು ಕೈ ತೆಗೆಯುವ ಮೊದಲು ಇನ್ನೊಂದು ಕೈ ಮೈ ಮೇಲೆ ಇರಬೇಕು, ಆಗ ಅದಕ್ಕೆ ನೀನು ಬಿಟ್ಟುಹೋದೆ ಅಂತ ಅನಿಸುವುದಿಲ್ಲ. ತಿಕ್ಕುವಾಗ ಮಾತಾಡು, ಯಾವ ಮಾತಾದರೂ ಆದೀತು. ಅತ್ತರೆ ನಿಲ್ಲಿಸು, ಎದೆಗೆ ಹಾಕಿಕೋ, ಸುಮ್ಮನಾದರೆ ಮತ್ತೆ ಶುರು ಮಾಡು. ಅವಳ ಕೈ ದಿಂಬಿನ ಮೇಲೆ ತಾಗಿಯೂ ತಾಗದ ಹಾಗೆ ಹೋಗುತ್ತಿತ್ತು. ನನ್ನ ಕೈ ಅದರ ಮೇಲೆ ಇಟ್ಟೆ, ಎಷ್ಟು ಭಾರ ಬೇಕೆಂದು ತಿಳಿಯಲಿಕ್ಕೆ. ಬೆರಳು ತಣ್ಣಗಿತ್ತು. ತೆಗೆಯಲಿಲ್ಲ ಅವಳು.

ಸೇಸಮ್ಮನ ಎಲ್ಲ ವಿದ್ಯೆ ಕೊಟ್ಟೆ, ಕಿವಿಗೆ ಎಣ್ಣೆ ಬಿಡುವುದೊಂದು ಬಿಟ್ಟು.

ಹಿಂದೆ ಹೋಗುವಾಗ ಶಿರ್ತಾಡಿಗೆ ಹೋಗಿಯೇ ಬೆಳುವಾಯಿಗೆ ಹೋಗಬೇಕು. ಸೇಸಮ್ಮ ಎಣ್ಣೆ ಬಿಡಿಸಿ ಬಂದ ಆ ಪದ್ಮಾಕ್ಷಿಯ ಮನೆ ಯಾವುದೆಂದು ಅಲ್ಲಿ ಯಾರಾದರೂ ಹೇಳಿಯಾರು.

ಜನವರಿ ೧೭, ಶನಿವಾರ

ನಾನು ಬಚ್ಚಲಲ್ಲಿ ಇರಬಾರದು ಎಂದು ನಾನೇ ಹೇಳಿದೆ. ನನ್ನ ಸ್ವರ ಕೇಳಿದರೆ ಅವಳು ನನ್ನ ಕಡೆಗೇ ತಿರುಗುತ್ತಾಳೆ. ಎಣ್ಣೆ ಬೆಚ್ಚಗೆ ಮಾಡಿ ಕೊಟ್ಟು, ಬಾವಿಕಟ್ಟೆಗೆ ಹೋಗಿ ನೀರು ಸೇದಲು ನಿಂತೆ.

ಮೊದಲ ಕೊಡ ಮೇಲೆ ಬರುವ ಮೊದಲೇ ಅಳು ಶುರುವಾಯಿತು. ಆ ಅಳು ನನಗೆ ಗೊತ್ತು. ಹಸಿವಿನದ್ದಲ್ಲ, ನೋವಿನದ್ದಲ್ಲ, ಯಾರನ್ನೋ ಹುಡುಕುವ ಅಳು. ಹುಡುಕುತ್ತಿದ್ದದ್ದು ನನ್ನನ್ನು. ತಗಡಿನ ಆಚೆ, ನಾಲ್ಕು ಹೆಜ್ಜೆ. ಹೋಗಿ ಎತ್ತಿಕೊಂಡರೆ ಒಂದು ಗಳಿಗೆಯಲ್ಲಿ ನಿಲ್ಲುತ್ತಿತ್ತು. ಶಶಿಯೂ ಅಳುತ್ತಿದ್ದಳು, ಅಳುತ್ತಲೇ ಏನೇನೋ ಮಾತಾಡುತ್ತಿದ್ದಳು, ಶಾಲೆಯಲ್ಲಿ ಕಲಿತ ಮಗ್ಗಿ ಹೇಳುತ್ತಿದ್ದಳು. ನಾನು ಹಗ್ಗ ಬಿಡಲಿಲ್ಲ. ಸೇದಿದೆ, ಹೊಯ್ದೆ, ಸೇದಿದೆ. ತೊಟ್ಟಿ ತುಂಬಿತು, ಹಂಡೆ ತುಂಬಿತು, ಬಕೆಟು ತುಂಬಿತು.

ಎಂಟರ ಮಗ್ಗಿಯ ಹೊತ್ತಿಗೆ ಅಳು ನಿಂತಿತು. ಮಗ್ಗಿ ಮಾತ್ರ ಮೆಲ್ಲಗೆ ಮುಂದೆ ಹೋಯಿತು. ಆಮೇಲೆ ಆ ನಗು ಕೇಳಿಸಿತು, ಸ್ವರ ಎತ್ತಿ, ನನಗೆ ನಕ್ಕ ಹಾಗೆಯೇ.

"ಅಕ್ಕ" ಎಂದು ಕರೆದಳು ಶಶಿ. "ನಗ್ತಾ ಉಂಟು ಅಕ್ಕ. ಬಾ, ಬಂದು ನೋಡು."

ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದು ಇಲ್ಲಿ ಯಾಕೆ ಬರೆಯಲಿ? ಹೋದರೆ ಆ ನಗು ನನ್ನ ಕಡೆಗೆ ತಿರುಗೀತು ಎಂಬ ಆಸೆಯೂ ಇತ್ತು, ತಿರುಗಿದರೆ ಏನು ಗತಿ ಎಂಬ ಹೆದರಿಕೆಯೂ ಇತ್ತು.

"ನೀನು ಮೀಯಿಸು" ಎಂದೆ. "ನನಗೆ ಇನ್ನೂ ನೀರು ಸೇದಲಿಕ್ಕೆ ಉಂಟು."

ತುಂಬಿಸಲು ಪಾತ್ರೆ ಒಂದೂ ಉಳಿದಿರಲಿಲ್ಲ. ಕೊಡವನ್ನು ಮತ್ತೆ ಬಾವಿಗೆ ಇಳಿಸಿದೆ.